ವೀಕ್ಷಕನೆಂಬ ಉಪಾಧಿ: ಅವಲೋಕನ ಪದ್ಧತಿಯ ಚರಿತ್ರೆಯಿಂದ ಎರಡು ಪ್ರಸಂಗಗಳು

ಕೆಂಪು ದಾಸವಾಳದ ಬಳಿ ಇಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಹೀಗೆ ಹತ್ತಿರವಿದ್ದು ತನ್ನ ಗುಣವನ್ನು ಇನ್ನೊಂದರಲ್ಲಿ ತೋರಿಸುವುದನ್ನು ನಮ್ಮ ಶಾಸ್ತ್ರಕಾರರು ‘ಉಪಾಧಿ’ ಎಂದರು. ಭಾಷೆ ಸಂಗ್ರಹಿಸಲು ಹೋಗುವವನೂ ಒಂದು ಉಪಾಧಿಯೇ ಎಂಬುದು ನನ್ನ ಅಭಿಪ್ರಾಯ. ಮನಶ್ಶಾಸ್ತ್ರಕ್ಕೆ ಈ ಪಾಠ ಹೇಳಿದ್ದು ಒಂದು ಕುದುರೆ.

ಬರ್ಲಿನ್ನಿನ ನಿವೃತ್ತ ಗಣಿತೋಪಾಧ್ಯಾಯ ವಿಲ್‌ಹೆಲ್ಮ್ ಫಾನ್ ಓಸ್ಟನ್ ಅವರ ಹಾನ್ಸ್ ಎಂಬ ಕುದುರೆ, ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1904ರಲ್ಲಿ ಕಾರ್ಲ್ ಸ್ಟುಂಫ್ ನೇತೃತ್ವದ ಸಮಿತಿ ಪರೀಕ್ಷಿಸಿ, ಇದರಲ್ಲಿ ಮೋಸವೇನೂ ಕಾಣದು ಎಂದಿತು. ಅವರ ಶಿಷ್ಯ ಆಸ್ಕರ್ ಫುಂಗ್‌ಸ್ಟ್ ಅಷ್ಟಕ್ಕೇ ಬಿಡಲಿಲ್ಲ. ಕೇಳುವವನಿಗೆ ಉತ್ತರ ಗೊತ್ತಿದ್ದಾಗ, ಗೊತ್ತಿಲ್ಲದಾಗ. ಅವನು ಕುದುರೆಗೆ ಕಾಣುತ್ತಿದ್ದಾಗ, ಕಾಣದಿದ್ದಾಗ, ಹೀಗೆ ವಿಂಗಡಿಸಿ ನೋಡಿದರು. ನಮ್ಮ ಅನ್ವಯ-ವ್ಯತಿರೇಕ ಅಂದ್ರೆ ಇದೇ. ಉತ್ತರ ಬಲ್ಲವನು ಕಣ್ಣೆದುರಿಗಿದ್ದರೆ ಮಾತ್ರ ಕುದುರೆ ಜಾಣ! ಸರಿಯಾದ ಸಂಖ್ಯೆ ಬಂದೊಡನೆ ಕೇಳುವವನ ತಲೆ ಅವನಿಗೇ ಅರಿವಿಲ್ಲದೆ ತುಸು ಮೇಲೇಳುತ್ತಿತ್ತು. ಅದನ್ನು ಕಂಡು ಕುದುರೆ ಬಡಿತ ನಿಲ್ಲಿಸುತ್ತಿತ್ತು. ಈ ಪರೀಕ್ಷೆಗಳ ವಿವರ 1907ರಲ್ಲಿ ಪುಸ್ತಕವಾಗಿ ಬಂತು.

ಮಾತಿನ ಅಧ್ಯಯನದಲ್ಲಿ ಇದೇ ತೊಡಕಿಗೆ ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಉಪಾಯ ಮಾಡಿದರು. ಮೂರು ದರ್ಜೆಯ ಮೂರು ದೊಡ್ಡ ಅಂಗಡಿಗಳಿಗೆ ಗಿರಾಕಿಯಂತೆ ಹೋಗಿ, ನಾಲ್ಕನೆಯ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆಯೆಂದು ಕೇಳುವುದು. ‘ಫೋರ್ತ್ ಫ್ಲೋರ್’ ಎಂಬ ಉತ್ತರದಲ್ಲಿ ರೇಫ ಉಚ್ಚರಿಸುತ್ತಾರೋ ಇಲ್ಲವೋ ಎಂದು ಗಮನಿಸುವುದು. ಕೇಳಿಸಲಿಲ್ಲವೆಂಬಂತೆ ಮತ್ತೊಮ್ಮೆ ಹೇಳಿಸಿ, ಮರೆಗೆ ಹೋಗಿ ಬರೆದುಕೊಳ್ಳುವುದು. ಹೀಗೆ 264 ಜನರ ಮಾತು ಸಿಕ್ಕಿತು. ಅಂಗಡಿ ದುಬಾರಿಯಾದಷ್ಟೂ ರೇಫ ಹೆಚ್ಚು. ಆದರೆ ವಯಸ್ಸು ಕಣ್ಣಂದಾಜು, ಹುಟ್ಟೂರು ಗೊತ್ತಿಲ್ಲ. ಅದಕ್ಕೇ ಅವರು ದೀರ್ಘ ಸಂದರ್ಶನಗಳ ಫಲಿತಾಂಶದೊಡನೆ ಇದನ್ನು ಹೋಲಿಸಿದರು.

ಕಾಸರಗೋಡು ಕಡೆಯ ಹವ್ಯಕ ಮನೆಗಳಲ್ಲಿ ‘ನಾನು’ ಎಂಬುದಕ್ಕೆ ‘ಆನು’. ಪುಸ್ತಕದ ಕನ್ನಡದಲ್ಲಿ ಮಾಷ್ಟ್ರು ಪ್ರಶ್ನೆ ಕೇಳಿದರೆ ‘ನಾನು’ ಎಂಬ ಉತ್ತರವೇ ಬಂದೀತು. ಅದು ಹೇಳಿದವರ ಮಾತಲ್ಲ, ಕೇಳಿದವರ ಬಣ್ಣ. ಹಾಗಂತ ಮನೆಗಳಲ್ಲಿ ಕದ್ದು ಕೇಳುವುದು ಸಲ್ಲದು. ಕೇಳಿದ್ದು ಯಾರು, ಯಾವ ಭಾಷೆಯಲ್ಲಿ, ಹತ್ತಿರ ಯಾರಿದ್ದರು ಎಂಬುದನ್ನು ಪ್ರತಿ ದಾಖಲೆಯಲ್ಲೂ ಬರೆಯೋಣ. ಅದೇ ಪ್ರಶ್ನೆಯನ್ನು ಮನೆಯವರಿಂದಲೂ, ಹೊರಗಿನವರಿಂದಲೂ ಕೇಳಿಸಿ, ಒಪ್ಪಿಗೆ ಪಡೆದು ಧ್ವನಿಮುದ್ರಿಸೋಣ. ಅದನ್ನು ಕೇಳಿ ಬರೆದುಕೊಳ್ಳುವವರಿಗೆ ನಾವು ಯಾವ ರೂಪ ನಿರೀಕ್ಷಿಸಿದ್ದೇವೆಂದು ತಿಳಿಸದಿರೋಣ. ಗಡಿಯಾಚೆಯ ಉಪಭಾಷೆಗಳನ್ನು ಆಡುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಇವತ್ತಿನ ದಾಖಲೆಯಲ್ಲಿ ನಮ್ಮ ಬಣ್ಣವೇ ಉಳಿದರೆ ನಾಳೆ ತಿದ್ದಿಸಿಕೊಳ್ಳಲು ಅವರಿರುವುದಿಲ್ಲ.