ಗಡಿಯಾರದ ತಪ್ಪು

ನಮ್ಮ ನಡುಮನೆಯ ಗೋಡೆ ಗಡಿಯಾರ ಅತ್ತೆಯವರ ಕಾಲದ್ದು. ವಾರಕ್ಕೊಮ್ಮೆ ಕೀಲಿ ಕೊಡಬೇಕು. ಒಂದು ಮಳೆಗಾಲದಲ್ಲಿ ಹಾಲು ಹಾಕುವಾಕೆ ದಿನವೂ ಹತ್ತು ನಿಮಿಷ ತಡವಾಗಿ ಬರತೊಡಗಿದಳು. ಒಳಗೆ ಡಿಕಾಕ್ಷನ್ ಆರುತ್ತಿದೆ, ಮಕ್ಕಳಿಗೆ ಸ್ಕೂಲಿನ ಹೊತ್ತು. ನಾನು ಬಾಗಿಲಲ್ಲೇ ನಿಂತು ಬೈದೆ. ಒಂದು ವಾರ ಬೈದೆ. "ಹೊತ್ತಿಗೆ ಸರಿಯಾಗೇ ಬರ್ತಿದೀನಲ್ರಮ್ಮಾ" ಎಂದಳು ಅವಳು. ಆಮೇಲೊಂದು ದಿನ ರೇಡಿಯೋದಲ್ಲಿ ವಾರ್ತೆಗೆ ಮುಂಚಿನ ಪಿಪ್ ಪಿಪ್ ಕೇಳಿ ತಲೆಯೆತ್ತಿ ನೋಡಿದರೆ, ನಮ್ಮ ಗಡಿಯಾರವೇ ಹತ್ತು ನಿಮಿಷ ಮುಂದೆ ಓಡುತ್ತಿತ್ತು! ಯಾರೂ ನೋಡದಂತೆ ಸ್ಟೂಲು ಹತ್ತಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ. ಅವಳಿಗೆ ಮಾತ್ರ ಏನೂ ಹೇಳಲಿಲ್ಲ.

ಇದನ್ನು ಮತ್ತೆ ನೆನಪಿಗೆ ತಂದದ್ದು ಆಕಾಶದ ಒಂದು ಕಥೆ. ಅದು ಶುರುವಾಗುವುದು ಒಬ್ಬ ಹುಡುಗಿಯಿಂದ. 1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಜೋಸೆಲಿನ್ ಬೆಲ್‌ಗೆ ಆಗ ಇಪ್ಪತ್ನಾಲ್ಕು ವರ್ಷ. ರೇಡಿಯೋ ದೂರದರ್ಶಕದಿಂದ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದ ಗೆರೆ ಬರೆಸಿಕೊಂಡು ಹೊರಬರುತ್ತಿತ್ತು. ಅಕ್ಕಿ ಆರಿಸುವವಳು ಕಲ್ಲು ಹುಡುಕುವಂತೆ ಆಕೆ ಅದನ್ನೆಲ್ಲ ಕಣ್ಣಿನಿಂದಲೇ ನೋಡುತ್ತಿದ್ದಳು. ಅದರಲ್ಲಿ ಯಾವುದಕ್ಕೂ ಹೊಂದದ ಸಣ್ಣದೊಂದು ಗೀಚು ಸಿಕ್ಕಿತು. ಬಿಡಿಸಿ ನೋಡಿದರೆ 1.33 ಸೆಕೆಂಡಿಗೊಂದರಂತೆ, ತಾಳ ತಪ್ಪದೆ, ಮಿಡಿಯುವ ರೇಡಿಯೋ ಅಲೆ. ಹೀಗೆ ಕಂಡದ್ದು ಪಲ್ಸಾರ್. 1974ರಲ್ಲಿ ಇದಕ್ಕೆ ನೊಬೆಲ್ ಬಂತು, ಆಕೆಗಲ್ಲ, ಆಕೆಯ ಗುರು ಹ್ಯೂವಿಶ್‌ಗೆ. ಕಲ್ಲು ಆರಿಸಿದವಳು ಒಬ್ಬಳು, ಅನ್ನಕ್ಕೆ ಹೊಗಳಿಕೆ ಇನ್ನೊಬ್ಬರಿಗೆ. ನಮಗೇನೂ ಇದು ಹೊಸದಲ್ಲ, ಬಿಡಿ.

ದೊಡ್ಡ ನಕ್ಷತ್ರವೊಂದು ಸಿಡಿದ ಮೇಲೆ ಉಳಿಯುವ ತಿರುಳೇ ಪಲ್ಸಾರ್. ಸೂರ್ಯನಿಗಿಂತ ಹೆಚ್ಚಿನ ತೂಕ ಒಂದು ಊರಿನಷ್ಟು ಅಗಲದ ಉಂಡೆಯಲ್ಲಿ ಅಡಗಿರುತ್ತದೆ. ಅದು ಗಿರಗಿರನೆ ತಿರುಗುತ್ತ, ಕಡಲ ತೀರದ ದೀಪಸ್ತಂಭದಂತೆ, ಸುತ್ತಿಗೊಮ್ಮೆ ತನ್ನ ರೇಡಿಯೋ ಕಿರಣವನ್ನು ನಮ್ಮ ಮೇಲೆ ಹಾಯಿಸುತ್ತದೆ. ಅಷ್ಟು ನಿಯತ್ತಿನ ಗಡಿಯಾರ ಸಿಕ್ಕಿದ ಮೇಲೆ, ಅದರ ಮಿಡಿತ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಾರಣ ಹುಡುಕಬೇಕಲ್ಲ.

ಆ ಕಾರಣ ಒಂದು ಗ್ರಹವೂ ಆಗಿರಬಹುದು. ಮಗುವಿನ ಎರಡೂ ಕೈ ಹಿಡಿದು ಸುತ್ತ ತಿರುಗಿಸಿ ನೋಡಿ. ಮಗು ದೊಡ್ಡ ಸುತ್ತು ಹಾಕುತ್ತದೆ, ನಾವೂ ಹಿಂದಕ್ಕೆ ವಾಲುತ್ತ ಒಂದು ಪುಟ್ಟ ಸುತ್ತು ಹಾಕುತ್ತೇವೆ. ಗ್ರಹವಿದ್ದರೆ ಪಲ್ಸಾರ್ ಕೂಡ ಹಾಗೆ ತೂಗುತ್ತದೆ. ನಮ್ಮ ಕಡೆ ವಾಲಿದಾಗ ಮಿಡಿತ ತುಸು ಬೇಗ ಬಂದು ಮುಟ್ಟುತ್ತದೆ, ಆಚೆ ವಾಲಿದಾಗ ತುಸು ತಡ. ಗ್ರಹ ಕಾಣದಿದ್ದರೂ ಲೆಕ್ಕದಲ್ಲಿ ಸಿಗುತ್ತದೆ.

ತೊಡಕಿರುವುದು ಇನ್ನೊಂದು ಕಡೆ. ಎಣಿಸುವ ನಾವೂ ನಿಂತಲ್ಲಿ ನಿಂತಿಲ್ಲ. ಭೂಮಿಯ ಕಕ್ಷೆಯನ್ನು ಈ ತುದಿಯಿಂದ ಆ ತುದಿಗೆ ದಾಟಲು ಬೆಳಕಿಗೇ ಹದಿನಾರು ನಿಮಿಷಕ್ಕೂ ಹೆಚ್ಚು ಬೇಕು. ನಮ್ಮ ಈ ಓಡಾಟವನ್ನೆಲ್ಲ ಮೊದಲು ಲೆಕ್ಕದಿಂದ ಕಳೆಯಬೇಕು.

1991ರ ಜುಲೈಯಲ್ಲಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್‌ನ ಆಂಡ್ರೂ ಲೈನ್ ಮತ್ತು ಅವರ ಜೊತೆಗಾರರು, ಒಂದು ಪಲ್ಸಾರ್ ಸುತ್ತ ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹವಿದೆ ಎಂದು ಪ್ರಕಟಿಸಿದರು. ಬೇರೆ ನಕ್ಷತ್ರಕ್ಕೆ ಗ್ರಹ! ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆರು ತಿಂಗಳೆಂದರೆ ಸರಿಯಾಗಿ ನಮ್ಮ ವರ್ಷದ ಅರ್ಧ ಎಂಬುದು ಮಾತ್ರ ಕೆಲವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. 1992ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಖಗೋಳ ವಿಜ್ಞಾನಿಗಳ ದೊಡ್ಡ ಸಭೆ. ಈ ಗ್ರಹದ ಬಗ್ಗೆ ಮಾತನಾಡಲು ಲೈನ್‌ಗೆ ಕರೆ ಬಂದಿತ್ತು. ಸಭೆಗೆ ಸ್ವಲ್ಪವೇ ಮುಂಚೆ ಅವರು ಪಲ್ಸಾರ್ ಇರುವ ಜಾಗವನ್ನು ಇನ್ನೂ ನಿಖರವಾಗಿ ತಿದ್ದಿ ಲೆಕ್ಕ ಹಾಕಿದರು. ಗ್ರಹ ಮಾಯವಾಯಿತು. ಮೊದಲ ಲೆಕ್ಕದಲ್ಲಿ ಪಲ್ಸಾರ್‌ನ ಜಾಗ ತುಸು ತಪ್ಪಿತ್ತು, ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ ಎಂಬುದೂ ಸರಿಯಾಗಿ ಸೇರಿರಲಿಲ್ಲ. ನಮ್ಮದೇ ಓಲಾಟದ ಚೂರೊಂದು ಉಳಿದುಕೊಂಡು ಗ್ರಹದ ವೇಷ ಹಾಕಿತ್ತು.

ಲೈನ್ ಹೋಗದೆ ಇರಬಹುದಿತ್ತು. ಹೋದರು. ತುಂಬಿದ ಸಭೆಯಲ್ಲಿ ನಿಂತು, ಗ್ರಹವಿಲ್ಲ, ತಪ್ಪು ನಮ್ಮದು, ಹೀಗಾಯಿತು ಎಂದು ಹೇಳಿದರು. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಇದನ್ನು ಓದಿದ ರಾತ್ರಿ ನನಗೆ ಆ ಸ್ಟೂಲು ಕಣ್ಣಿಗೆ ಕಟ್ಟಿತು. ನೂರಾರು ಪಂಡಿತರ ಮುಂದೆ ಅವರಿಗೆ ಆದದ್ದು, ನನ್ನ ಬಾಗಿಲಲ್ಲಿ ಒಬ್ಬಳೇ ಒಬ್ಬ ಹೆಂಗಸಿನ ಮುಂದೆ ನನಗೆ ಆಗಿರಲಿಲ್ಲ.

ಲೈನ್ ಬಳಿಕ ಮಾತನಾಡಬೇಕಿದ್ದವರು ಪೋಲೆಂಡಿನ ಅಲೆಕ್ಸಾಂಡರ್ ವೋಲ್ಶ್‌ಚಾನ್. ಅವರು ಹೇಳಬೇಕಿದ್ದದ್ದೂ ಅದೇ ಬಗೆಯ ಮಾತು: ನನಗೂ ಪಲ್ಸಾರ್ ಸುತ್ತ ಗ್ರಹಗಳು ಸಿಕ್ಕಿವೆ! ಆ ಗಳಿಗೆಯಲ್ಲಿ ವೇದಿಕೆ ಹತ್ತಲು ಎಷ್ಟು ಎದೆಗಾರಿಕೆ ಬೇಕಿತ್ತೋ.

ಅವರ ಕಥೆ ಶುರುವಾದದ್ದು 1990ರಲ್ಲಿ, ಒಂದು ರಿಪೇರಿಯಿಂದ. ಪೋರ್ಟೊರಿಕೊ ದ್ವೀಪದ ಅರೆಸಿಬೊದಲ್ಲಿ ಬೆಟ್ಟಗಳ ನಡುವಿನ ತಗ್ಗಿನಲ್ಲಿ 305 ಮೀಟರ್ ಅಗಲದ ಬೋಗುಣಿಯಂಥ ದೂರದರ್ಶಕವಿತ್ತು. ಅದರಲ್ಲಿ ಬಿರುಕು ಕಂಡು ದುರಸ್ತಿ ನಡೆದಿದ್ದರಿಂದ ಬೇಕಾದ ಕಡೆ ತಿರುಗಿಸುವಂತಿರಲಿಲ್ಲ, ನೆತ್ತಿಯ ಮೇಲೆ ಹಾದುಹೋದ ಆಕಾಶವನ್ನಷ್ಟೇ ನೋಡಬಹುದಿತ್ತು. ಬೇರೆಯವರಿಗೆ ಬೇಡವಾದ ಆ ಹೊತ್ತು ವೋಲ್ಶ್‌ಚಾನ್‌ಗೆ ಧಾರಾಳವಾಗಿ ಸಿಕ್ಕಿತು. ಕನ್ಯಾ ರಾಶಿಯ ದಿಕ್ಕಿನಲ್ಲಿ, ಸೆಕೆಂಡಿಗೆ ಸುಮಾರು 161 ಸುತ್ತು ತಿರುಗುವ ಪಲ್ಸಾರ್ ಒಂದು ಕಂಡಿತು. ಅದರ ಮಿಡಿತಗಳು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹಿಂದುಮುಂದಾಗುತ್ತಿದ್ದವು. ಅವರು ಅವಸರಪಡಲಿಲ್ಲ. ಡೇಲ್ ಫ್ರೇಲ್ ಎಂಬ ವಿಜ್ಞಾನಿ ನ್ಯೂ ಮೆಕ್ಸಿಕೊದ ಬೇರೊಂದು ದೂರದರ್ಶಕ ಸಮೂಹದಿಂದ ಪಲ್ಸಾರ್‌ನ ಜಾಗವನ್ನು ಕರಾರುವಾಕ್ಕಾಗಿ ಅಳೆದುಕೊಟ್ಟರು. ಲೈನ್ ಜಾರಿದ ಕಲ್ಲು ಅದೇ ತಾನೆ? ಅಳೆದ ಮೇಲೂ ಓಲಾಟ ಹೋಗಲಿಲ್ಲ. ಲೆಕ್ಕದಲ್ಲಿ ಎರಡು ಗ್ರಹ ನಿಂತವು, ಒಂದು ಸುಮಾರು 66 ದಿನಕ್ಕೆ ಸುತ್ತುವುದು, ಇನ್ನೊಂದು 98 ದಿನಕ್ಕೆ. ಎರಡೂ ನಮ್ಮ ಭೂಮಿಯ ನಾಲ್ಕು ಪಟ್ಟಿನ ಆಸುಪಾಸು ತೂಕದವು.

ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಅಕ್ಕಪಕ್ಕದ ಮನೆಯವರಂತೆ ಈ ಎರಡು ಗ್ರಹಗಳು ಒಂದನ್ನೊಂದು ಎಳೆದಾಡಲೇಬೇಕು, ಒಂದು ಮೂರು ಸುತ್ತು ಹಾಕುವಷ್ಟರಲ್ಲಿ ಇನ್ನೊಂದು ಹೆಚ್ಚುಕಡಿಮೆ ಎರಡು ಸುತ್ತು ಹಾಕುತ್ತದಲ್ಲ. ಆ ಎಳೆದಾಟವೂ ಮಿಡಿತದಲ್ಲಿ ಕಾಣಬೇಕು ಎಂದು ಗಣಿತ ಬಲ್ಲವರು ಮೊದಲೇ ಹೇಳಿಟ್ಟರು. 1994ರಲ್ಲಿ ಅದು ಹಾಗೆಯೇ ಕಂಡಿತು. ಜೊತೆಗೆ ಮೂರನೆಯದೊಂದು ಪುಟಾಣಿಯೂ ಸಿಕ್ಕಿತು. ನಮ್ಮ ಚಂದ್ರನ ಎರಡರಷ್ಟು ಮಾತ್ರ ತೂಕ! ಹೊರಗಿನ ಲೋಕಗಳ ಚರಿತ್ರೆಯನ್ನು 1995ರಲ್ಲಿ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಸಿಕ್ಕ ಗ್ರಹದಿಂದ ಆರಂಭಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

2015ರಲ್ಲಿ ಈ ಮೂರಕ್ಕೂ ಹೆಸರಿಟ್ಟರು. ಸತ್ತ ನಕ್ಷತ್ರದ ಸುತ್ತ ತಿರುಗುವುದಕ್ಕೋ ಏನೋ, ಪುರಾಣ ಮತ್ತು ಜಾನಪದದ ದೆವ್ವಭೂತಗಳ, ದುಃಸ್ವಪ್ನದ ಹೆಸರುಗಳು. ಅರೆಸಿಬೊದ ಆ ದೊಡ್ಡ ಬೋಗುಣಿ 2020ರ ಡಿಸೆಂಬರ್ 1ರಂದು, ಮೇಲೆ ತೂಗುತ್ತಿದ್ದ ಭಾರ ಕುಸಿದು ಬಿದ್ದು, ಒಡೆದುಹೋಯಿತು.

ನಮ್ಮ ಗಡಿಯಾರ ಇನ್ನೂ ಗೋಡೆಯ ಮೇಲಿದೆ. ಈಗ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಆಕೆ ಎಲ್ಲಿದ್ದಾಳೋ ವಿಚಾರಿಸಿದೆ, ಮಗಳ ಊರಿಗೆ ಹೋದಳು ಎಂದರು. ಯಾವ ಊರೆಂದು ಯಾರಿಗೂ ನೆನಪಿರಲಿಲ್ಲ.