ಯಜಮಾನಿಕೆ

ಯಜ್ಞ ಮಾಡಿಸುವವನು ಯಜಮಾನ. ಸಂಸ್ಕೃತದ ಈ ಪದ ಕನ್ನಡಕ್ಕೆ ಬಂದು ಮನೆಯ ಹಿರಿಯನಾಯಿತು, ಗಂಡನಾಯಿತು, ಊರ ಮುಖಂಡನಾಯಿತು, ಆಳಿನ ಬಾಯಲ್ಲಿ ಒಡೆಯನಾಯಿತು. ‘ಯಜಮಾನ್ರು ಒಪ್ಪಬೇಕಲ್ಲ’ ಎನ್ನುವಾಗ ಹೆದರಿಕೆಗಿಂತ ಹೆಚ್ಚಾಗಿರುವುದು, ಲೋಕ ನಡೆಯುವುದೇ ಹೀಗೆ ಎಂಬ ನಂಬಿಕೆ. ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಆಂಟೊನಿಯೊ ಗ್ರಾಮ್ಶಿ 1929ರಿಂದ 1935ರವರೆಗೆ ಸೆರೆಯಲ್ಲಿ ಬರೆದ ಟಿಪ್ಪಣಿಗಳ ‘ಹೆಜೆಮನಿ’ಗೆ ನಮ್ಮವರು ಯಜಮಾನಿಕೆ ಎಂದದ್ದು ಅದಕ್ಕೇ ಸರಿ. ಆಳುವ ವರ್ಗ ಬರೀ ಲಾಠಿಯಿಂದ ಆಳುವುದಿಲ್ಲ. ಶಾಲೆ, ಪತ್ರಿಕೆ, ಧರ್ಮಗಳು ದಿನವೂ ಕಟ್ಟಿಕೊಡುವ ಒಪ್ಪಿಗೆಯಿಂದ ಆಳುತ್ತದೆ. ಲಾಠಿ ಹಿಂದೆ ನಿಂತಿರುತ್ತದೆ.

ಒಪ್ಪಿಗೆ ಸಡಿಲವಾದಾಗ ಏನಾಗುತ್ತದೆ ಎಂಬುದಕ್ಕೆ ನಾಸಿಕ್ ಜಿಲ್ಲೆಯ ಇಗತಪುರಿಯಲ್ಲಿ ನಿಂತು ಎರಡು ಉತ್ತರ ಹೇಳಬಹುದು. ಇದು ರೈಲ್ವೆಯವರ ಊರು. ಕಸಾರಾದಿಂದ ಗಾಡಿಯನ್ನು ಹಿಂದಿನಿಂದ ನೂಕಿ ಘಾಟಿ ಹತ್ತಿಸಿದ ಎಂಜಿನುಗಳನ್ನು ಬಿಚ್ಚುವುದು ಇಲ್ಲೇ. ಬೆಲೆಯೇರಿಕೆಯಿಂದ ದೇಶ ಬೇಯುತ್ತಿದ್ದ 1974ರ ಮೇ 8ರಂದು ದೇಶದ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ನಾಯಕ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನು ಮೇ 2ರಂದೇ ಬಂಧಿಸಲಾಗಿತ್ತು. ಸಾವಿರಾರು ಜನ ಜೈಲು ಸೇರಿದರು. ಕ್ವಾರ್ಟರ್ಸ್‌ಗಳಿಂದ ಸಂಸಾರಗಳನ್ನೇ ಹೊರಹಾಕಿದರು. ಮೇ 27ಕ್ಕೆ ಮುಷ್ಕರ ಮುಗಿಯಿತು. ಮರುವರ್ಷ ಜೂನ್ 25ಕ್ಕೆ ತುರ್ತುಪರಿಸ್ಥಿತಿ ಬಂತು.

ಎರಡನೆಯ ಉತ್ತರ ರೈತರದು. 2018ರ ಮಾರ್ಚ್ 6ರಂದು ಎಡಪಂಥೀಯ ಸಂಘಟನೆ ಕಿಸಾನ್ ಸಭಾದ ರೈತರು ನಾಸಿಕ್‌ನಿಂದ ಹೊರಟು, ಇದೇ ಘಾಟಿ ಇಳಿದು, ಸುಮಾರು 180 ಕಿಲೋಮೀಟರ್ ನಡೆದು ಮುಂಬೈ ಸೇರಿದರು. ಕೆಂಪು ಟೋಪಿಯ ಆದಿವಾಸಿ ಹೆಂಗಸರ ಅಂಗಾಲು ಸುಲಿದಿತ್ತು. ಹತ್ತನೆಯ ತರಗತಿ ಮಕ್ಕಳ ಪರೀಕ್ಷೆಗೆ ತೊಂದರೆಯಾಗಬಾರದೆಂದು ಕೊನೆಯ ದಾರಿಯನ್ನು ಅವರು ರಾತ್ರಿಯೇ ನಡೆದರು. ಮುಂಬೈ ಜನ ನೀರು, ಊಟ, ಚಪ್ಪಲಿ ತಂದುಕೊಟ್ಟರು. ನಗರದ ಒಪ್ಪಿಗೆ ಒಂದು ರಾತ್ರಿಯಲ್ಲಿ ಪಕ್ಷ ಬದಲಿಸಿತ್ತು. ಮಾರ್ಚ್ 12ರಂದು ಸರ್ಕಾರ ಲಿಖಿತ ಭರವಸೆ ಕೊಟ್ಟಿತು. ಅರಣ್ಯಭೂಮಿಯ ಹಕ್ಕು, ಸಾಲಮನ್ನಾದ ಮಾತು ಅದರಲ್ಲಿತ್ತು. ಆದರೂ 2023ರಲ್ಲಿ ರೈತರು ಮತ್ತೆ ಇದೇ ದಾರಿ ಹಿಡಿಯಬೇಕಾಯಿತು.

ಬಿಕ್ಕಟ್ಟಿನಲ್ಲಿ ಪ್ರಭುತ್ವದ ಒಂದು ಕೈ ಲಾಠಿ ಎತ್ತುತ್ತದೆ, ಇನ್ನೊಂದು ಭರವಸೆಗೆ ಸಹಿ ಹಾಕುತ್ತದೆ. ಎರಡೂ ಉಳಿಸಿಕೊಳ್ಳಲು ನೋಡುವುದು ಯಜಮಾನಿಕೆಯನ್ನೇ. ಆದ್ದರಿಂದ ಈ ಪದವನ್ನು ದಬ್ಬಾಳಿಕೆಯ ಇನ್ನೊಂದು ಹೆಸರಾಗಿ ಬಳಸುವುದನ್ನು ಬಿಡೋಣ. ದಬ್ಬಾಳಿಕೆಗೆ ನಮ್ಮ ಒಪ್ಪಿಗೆ ಬೇಕಿಲ್ಲ. ಯಜಮಾನಿಕೆ ಅದಿಲ್ಲದೆ ಒಂದು ದಿನವೂ ನಡೆಯದು. ಆ ಒಪ್ಪಿಗೆಯನ್ನು ಯಾರಿಗೆ ಕೊಡುತ್ತಿದ್ದೇವೆ ಎಂದು ನೋಡಿಕೊಳ್ಳುವ ಹೊಣೆ ನಮ್ಮದು.