ನೀಲಿ ಬಣ್ಣದ ನೆಮ್ಮದಿ

ಸಕ್ಕರೆ ಕಾಯಿಲೆಯನ್ನು ಹಿಂದಿನವರು ಮೂತ್ರದಿಂದಲೇ ಗುರುತಿಸಿದರು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಆಯುರ್ವೇದದವರು ಕಂಡಿದ್ದರು. ಮಧುಮೇಹವೆಂಬ ಹೆಸರಿನಲ್ಲೇ ಜೇನಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ ರುಚಿ ನೋಡಿಯೇ ಹೇಳಿದ. ವೈದ್ಯವೃತ್ತಿ ಆಗ ಸುಖದ್ದೇನೂ ಆಗಿರಲಿಲ್ಲ!

1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿದಾಗ ತಳದಲ್ಲಿ ಉಳಿದದ್ದು ಸಕ್ಕರೆಯಂಥ ಬಿಳಿಯ ಹರಳು. ಆತ ಅಷ್ಟಕ್ಕೇ ನಿಲ್ಲದೆ, ರೋಗಿಯ ರಕ್ತದ ತಿಳಿಯೂ ಸಿಹಿಯಾಗಿದೆಯೆಂದು ಬರೆದಿಟ್ಟ. ನನಗೆ ದೊಡ್ಡ ಮಾತೆನಿಸುವುದು ಇದೇ. ಆದರೂ ಬಹುಕಾಲ ಮೂತ್ರಪರೀಕ್ಷೆಯದೇ ರಾಜ್ಯ. ರಕ್ತ ತೆಗೆದು ಅಳೆಯುವುದು ಸುಲಭವಿರಲಿಲ್ಲ.

1980ರ ಸುಮಾರಿಗೆ ನಮ್ಮ ದೊಡ್ಡಮ್ಮನ ಬಚ್ಚಲುಮನೆಯ ಗೂಡಿನಲ್ಲಿ ಸ್ಪಿರಿಟ್ ದೀಪ, ಗಾಜಿನ ನಳಿಕೆ, ಬೆನೆಡಿಕ್ಟ್ ದ್ರಾವಣದ ಸೀಸೆ ಇರುತ್ತಿದ್ದವು. ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಬೇಕು. ಹಸಿರು, ಹಳದಿ, ಕಿತ್ತಳೆಯಾದರೆ ಸಕ್ಕರೆಯಿದೆ. ಇಟ್ಟಿಗೆ ಕೆಂಪಾದರೆ ಬಹಳವಿದೆ. ನೀಲಿಯೇ ಉಳಿದರೆ ದೊಡ್ಡಮ್ಮನ ಮುಖ ಅರಳುತ್ತಿತ್ತು. ಬೆಳಿಗ್ಗೆ ಹೊತ್ತು ಅದು ಹೆಚ್ಚಾಗಿ ನೀಲಿಯೇ. ಕಾಲಿನ ಹುಣ್ಣು ಮಾತ್ರ ಮಾಯಲಿಲ್ಲ. ಕೊನೆಗೆ ರಕ್ತ ಪರೀಕ್ಷಿಸುವ ಹೊತ್ತಿಗೆ ಎರಡು ಬೆರಳು ಹೋಗಿದ್ದವು.

ಆ ನೀಲಿ ಸುಳ್ಳಲ್ಲ, ಅರ್ಧ ಸತ್ಯ. ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಅದನ್ನು ಇಳಿಸುತ್ತದೆ. ಉಪವಾಸದಲ್ಲಿ ಯಕೃತ್ತು ತನ್ನ ದಾಸ್ತಾನಿನಿಂದ ಸಕ್ಕರೆ ಬಿಡುತ್ತದೆ. ಈ ಹೊಂದಾಣಿಕೆ ಕೆಟ್ಟರೂ, ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 180 ಮಿಲಿಗ್ರಾಂ ಸುಮಾರಿಗೆ ಏರುವ ತನಕ ಮೂತ್ರಪಿಂಡ ಅದನ್ನು ಹೊರಕ್ಕೆ ಬಿಡುವುದಿಲ್ಲ. ಉಪವಾಸದಲ್ಲಿ 126 ದಾಟಿದರೇ ಕಾಯಿಲೆಯೆಂದು ಇಂದಿನ ಲೆಕ್ಕ. ನಡುವಿನವರಿಗೆಲ್ಲ ನಳಿಕೆ ನೀಲಿಯನ್ನೇ ತೋರಿಸುತ್ತದೆ.

ಗರ್ಭಿಣಿಯರಲ್ಲಿ ಇದು ತಿರುವುಮುರುವು: ಆ ಮಿತಿ ಇಳಿಯುವುದರಿಂದ ಆರೋಗ್ಯವಂತೆಯ ಮೂತ್ರದಲ್ಲೂ ಸಕ್ಕರೆ ಕಾಣಬಹುದು. 1964ರಲ್ಲಿ ಬಾಸ್ಟನ್ನಿನ ಜಾನ್ ಒ'ಸಲಿವನ್ ಮತ್ತು ಸಂಖ್ಯಾಶಾಸ್ತ್ರಜ್ಞೆ ಕ್ಲೇರ್ ಮಹನ್, 752 ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಅಳೆದು, ಗರ್ಭಿಣಿಯರಿಗೇ ಬೇರೆ ಮಾನದಂಡ ಕೊಟ್ಟರು. ನಮ್ಮ ಸರ್ಕಾರದ 2018ರ ಮಾರ್ಗಸೂಚಿ ಇನ್ನೂ ಸರಳ: 75 ಗ್ರಾಂ ಗ್ಲೂಕೋಸ್, ಎರಡು ಗಂಟೆ ಬಿಟ್ಟು ರಕ್ತ; 140 ಅಥವಾ ಮೇಲಿದ್ದರೆ ಚಿಕಿತ್ಸೆ. ಖಾಲಿ ಹೊಟ್ಟೆಯೇ ಬೇಕೆಂದಿಲ್ಲ.

ನಮ್ಮ ಶಾಲೆಯ ಕಿರಿಯ ಟೀಚರೊಬ್ಬರು ಹೋದ ವರ್ಷ ಹೀಗೇ ಆ ಸಿಹಿನೀರು ಕುಡಿದು, ಆಸ್ಪತ್ರೆಯ ಬೆಂಚಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತ ಎರಡು ಗಂಟೆ ಕಳೆದರು. 152 ಬಂತು. ಅನ್ನ ಕಡಿಮೆ ಮಾಡಿ, ಸಂಜೆ ನಡೆದರು. ಮಗು ಈಗ ಅಂಬೆಗಾಲಿಡುತ್ತಿದೆ.